ಹೊರಗೆ ನಾಮಪದ, ಒಳಗೆ ಕ್ರಿಯಾಪದ

‘ವಿಸಿಟಿಂಗ್ ಡಾಕ್ಟರ್ಸ್ ಕ್ಯಾನ್ ಬಿ ಎಕ್ಸ್‌ಪೆನ್ಸಿವ್’ ಎಂಬ ಇಂಗ್ಲಿಷ್ ವಾಕ್ಯವನ್ನು ಎರಡು ಬಗೆಯಲ್ಲಿ ಓದಬಹುದು. ವಾರಕ್ಕೊಮ್ಮೆ ಹೊರಗಿನಿಂದ ಬಂದುಹೋಗುವ ವೈದ್ಯರು ದುಬಾರಿ ಎಂಬುದು ಒಂದು ಅರ್ಥ. ವೈದ್ಯರ ಬಳಿ ಹೋಗುವುದೇ ದುಬಾರಿ ಎಂಬುದು ಇನ್ನೊಂದು. ‘ಕ್ಯಾನ್ ಬಿ’ ತೆಗೆದು ‘ಆರ್’ ಇಟ್ಟರೆ ಮೊದಲನೆಯ ಅರ್ಥ ಮಾತ್ರ ಉಳಿಯುತ್ತದೆ, ‘ಈಸ್’ ಇಟ್ಟರೆ ಎರಡನೆಯದು ಮಾತ್ರ. ‘ಆರ್’ ಬಹುವಚನದ ಕರ್ತೃವನ್ನು ಬೇಡುತ್ತದೆ, ಅದಕ್ಕೆ ‘ಡಾಕ್ಟರ್ಸ್’ ಸಿಕ್ಕಿತು. ಏಕವಚನದ ‘ಈಸ್’ಗೆ ಸಿಕ್ಕಿದ್ದೇನು? ವಾಕ್ಯದಲ್ಲಿರುವ ಒಂದೇ ಒಂದು ಸ್ಪಷ್ಟ ನಾಮಪದ ಬಹುವಚನದಲ್ಲಿದೆ. ‘ವಿಸಿಟಿಂಗ್’ ಎಂಬ ಒಂಟಿ ಪದವೇ ನಾಮಪದವಾಗಿ ಕರ್ತೃವಾಯಿತು ಎನ್ನೋಣವೆಂದರೆ, ಅದರ ಬೆನ್ನಿಗೇ ‘ಡಾಕ್ಟರ್ಸ್’ ಎಂಬ ಕರ್ಮ ನಿಂತಿದೆ. ಕರ್ಮವನ್ನು ನೇರವಾಗಿ ಹಿಡಿದುಕೊಳ್ಳುವುದು ಕ್ರಿಯಾಪದದ ಗುಣ, ನಾಮಪದದ್ದಲ್ಲ. ಉಳಿಯುವ ವಿವರಣೆ ಒಂದೇ: ‘ವಿಸಿಟಿಂಗ್ ಡಾಕ್ಟರ್ಸ್’ ಎಂಬ ಇಡೀ ಗುಂಪು ನಾಮಪದದ ಜಾಗದಲ್ಲಿ ಕುಳಿತಿದೆ, ಆ ಗುಂಪಿನೊಳಗೆ ‘ವಿಸಿಟಿಂಗ್’ ಇನ್ನೂ ಕ್ರಿಯಾಪದವಾಗಿಯೇ ಇದೆ. ಜೆರಂಡ್ ಎಂದು ನಾವು ಶಾಲೆಯಲ್ಲಿ ಕಲಿತ ರೂಪವನ್ನು ಅರ್ಥಮಾಡಿಕೊಳ್ಳಲು ಬೇಕಾದ ತಿಳಿವಳಿಕೆ ಮುಖ್ಯವಾಗಿ ಇದೇ. ಹೊರಗಿನಿಂದ ನೋಡಿದರೆ ನಾಮಪದ, ಒಳಹೊಕ್ಕು ನೋಡಿದರೆ ಕ್ರಿಯಾಪದ. ಇದನ್ನು ಹಿಡಿದರೆ, ಉರುಹೊಡೆಯಬೇಕಾದ ಪಟ್ಟಿಗಳಂತೆ ಕಾಣುವ ಎಷ್ಟೋ ನಿಯಮಗಳಿಗೆ ಕಾರಣ ತಾನಾಗಿ ದೊರೆಯುತ್ತದೆ.

ಪಠ್ಯಪುಸ್ತಕದ ವ್ಯಾಖ್ಯೆ ಹೀಗಿಲ್ಲ. ಕ್ರಿಯಾಪದಕ್ಕೆ ‘ಇಂಗ್’ ಸೇರಿ ನಾಮಪದವಾದಾಗ ಅದು ಜೆರಂಡ್, ವಿಶೇಷಣವಾದಾಗ ಪಾರ್ಟಿಸಿಪಲ್ ಎಂದು ಅದು ಹೇಳುತ್ತದೆ. ಇದರಲ್ಲಿ ಪದವೇ ಜಾತಿ ಬದಲಿಸುತ್ತದೆ ಎಂಬ ಊಹೆ ಅಡಗಿದೆ. ವಿಜ್ಞಾನದ ಯಾವುದೇ ಊಹೆಯಂತೆ ಇದನ್ನೂ ಪರೀಕ್ಷಿಸಿ ನೋಡಬಹುದು. ಇಂಗ್ಲಿಷಿನ ನಾಮಪದ ತನ್ನ ಮುಂದೆ ‘ದ’ ಎಂಬ ಆರ್ಟಿಕಲ್ ಅನ್ನು, ವಿಶೇಷಣವನ್ನು ಒಪ್ಪುತ್ತದೆ, ಇನ್ನೊಂದು ನಾಮಪದದೊಡನೆ ಸಂಬಂಧ ಬೆಳೆಸಲು ಅದಕ್ಕೆ ‘ಆಫ್’ ಬೇಕು, ಬಹುವಚನವೂ ಆಗಬಲ್ಲದು. ಕ್ರಿಯಾಪದ ಕ್ರಿಯಾವಿಶೇಷಣವನ್ನು ಒಪ್ಪುತ್ತದೆ, ಕರ್ಮವನ್ನು ನೇರವಾಗಿ ಪಡೆಯುತ್ತದೆ, ನಿಷೇಧಕ್ಕೆ ‘ನಾಟ್’ ಬಳಸುತ್ತದೆ. ಈಗ ‘ದ ಕ್ವಿಕ್ ರೀಡಿಂಗ್ ಆಫ್ ದ ಲೆಟರ್’ ಎಂಬುದನ್ನು ನೋಡಿ. ಆರ್ಟಿಕಲ್ ಇದೆ, ವಿಶೇಷಣ ಇದೆ, ‘ಆಫ್’ ಇದೆ. ಇಲ್ಲಿನ ‘ರೀಡಿಂಗ್’ ಅಪ್ಪಟ ನಾಮಪದ. ‘ರೀಡಿಂಗ್ ದ ಲೆಟರ್ ಕ್ವಿಕ್ಲಿ’ ಎಂಬುದರಲ್ಲಿ ಆರ್ಟಿಕಲ್ ಇಲ್ಲ, ವಿಶೇಷಣದ ಬದಲು ಕ್ರಿಯಾವಿಶೇಷಣ ಬಂದಿದೆ, ‘ಆಫ್’ ಇಲ್ಲದೆ ಕರ್ಮ ಕೂತಿದೆ. ಬೇಕಿದ್ದರೆ ‘ನಾಟ್ ರೀಡಿಂಗ್ ದ ಲೆಟರ್’ ಎನ್ನಬಹುದು, ‘ಹ್ಯಾವಿಂಗ್ ರೆಡ್ ದ ಲೆಟರ್’ ಎಂದು ಕೆಲಸ ಮುಗಿದುದನ್ನೂ ಸೂಚಿಸಬಹುದು. ಒಳಗಿನ ಪ್ರತಿಯೊಂದು ಪರೀಕ್ಷೆಯೂ ಇದು ಕ್ರಿಯಾಪದ ಎನ್ನುತ್ತದೆ. ಆದರೂ ಆ ಇಡೀ ತುಂಡು ವಾಕ್ಯದ ಕರ್ತೃವಾಗಬಲ್ಲದು, ಇನ್ನೊಂದು ಕ್ರಿಯೆಗೆ ಕರ್ಮವಾಗಬಲ್ಲದು, ಪ್ರಿಪೊಸಿಷನ್ನಿನ ಹಿಂದೆ ನಿಲ್ಲಬಲ್ಲದು. ಎರಡನ್ನೂ ಅರೆಬರೆ ಬೆರೆಸಿ ‘ದ ರೀಡಿಂಗ್ ದ ಲೆಟರ್’ ಎಂದರೆ ಇಂದಿನ ಇಂಗ್ಲಿಷ್ ಕಿವಿಗೆ ಅದು ಸರಿಬರುವುದಿಲ್ಲ. ಜಾತಿ ಬದಲಿಸಿದ್ದು ಪದವಲ್ಲ. ಉಪವಾಕ್ಯವೊಂದು ನಾಮಪದದ ಕೆಲಸಕ್ಕೆ ನಿಂತಿದೆ.

ಕನ್ನಡಿಗರಿಗೆ ಇದು ಹೊಸ ವಿಷಯವೇನಲ್ಲ, ಏಕೆಂದರೆ ನಮ್ಮ ನುಡಿ ಇದೇ ಭೇದವನ್ನು ಪ್ರತ್ಯಯದಲ್ಲೇ ತೋರಿಸಿಬಿಡುತ್ತದೆ. ‘ಪತ್ರದ ಅವಸರದ ಓದು’ ಎಂದಾಗ ‘ಓದು’ ನಾಮಪದ: ಪತ್ರಕ್ಕೆ ಷಷ್ಠೀ ವಿಭಕ್ತಿ ಬಂದಿದೆ, ಅವಸರ ಎಂಬುದೂ ವಿಶೇಷಣದಂತೆ ನಿಂತಿದೆ. ‘ಪತ್ರವನ್ನು ಅವಸರವಾಗಿ ಓದುವುದು’ ಎಂದಾಗ ಪತ್ರಕ್ಕೆ ದ್ವಿತೀಯಾ ವಿಭಕ್ತಿ, ‘ಅವಸರವಾಗಿ’ ಎಂಬ ಕ್ರಿಯಾವಿಶೇಷಣ. ಆದರೂ ‘ಓದುವುದು’ ಎಂಬುದರ ಕೊನೆಗೆ ನಾಮಪದಕ್ಕೆ ಹತ್ತುವ ವಿಭಕ್ತಿಗಳೆಲ್ಲ ಹತ್ತುತ್ತವೆ: ಓದುವುದನ್ನು, ಓದುವುದರಿಂದ, ಓದುವುದಕ್ಕೆ, ಓದುವುದರಲ್ಲಿ. ಶಾಲೆಯ ಕನ್ನಡ ವ್ಯಾಕರಣ ‘ಓಟ’, ‘ನೋಟ’, ‘ಓದುವಿಕೆ’ಗಳನ್ನು ಕೃದಂತ ಭಾವನಾಮ ಎಂದು ಕಲಿಸುತ್ತದೆ, ಇಂಗ್ಲಿಷ್ ಜೆರಂಡಿಗೆ ಇವುಗಳಿಗಿಂತ ‘ಓದುವುದು’ ಎಂಬ ರೂಪವೇ ಹತ್ತಿರದ ನೆಂಟ. ಒಂದು ವಿಷಯದಲ್ಲಂತೂ ಕನ್ನಡ ಇಂಗ್ಲಿಷಿಗಿಂತ ಮುಂದಿದೆ. ‘ಓದುವುದು’, ‘ಓದಿದ್ದು’, ‘ಓದದಿರುವುದು’ ಎಂದು ಕಾಲವನ್ನೂ ನಿಷೇಧವನ್ನೂ ಇದೇ ರೂಪದೊಳಗೆ ನಾವು ಅಡಗಿಸಬಲ್ಲೆವು. ಇಂಗ್ಲಿಷ್ ಅದೇ ಕೆಲಸಕ್ಕೆ ‘ಹ್ಯಾವಿಂಗ್’, ‘ನಾಟ್’ ಎಂಬ ಪ್ರತ್ಯೇಕ ಪದಗಳನ್ನು ತರಬೇಕು. ನಮ್ಮ ಇಂಗ್ಲಿಷ್ ತರಗತಿಗಳು ಈ ಸಾಮ್ಯವನ್ನು ಬಳಸಿಕೊಳ್ಳದೆ ಬಿಡುವುದು ದೊಡ್ಡ ನಷ್ಟವೆಂದೇ ನಾನು ತಿಳಿದಿದ್ದೇನೆ. ಮಗು ಮನೆಯಿಂದಲೇ ತಂದಿರುವ ಜ್ಞಾನ ಅದು.

ಇಂಗ್ಲಿಷಿನಲ್ಲಿ ಒಂದೇ ‘ಇಂಗ್’ ಇಷ್ಟು ಕೆಲಸಗಳನ್ನು ಏಕೆ ಹೊತ್ತುಕೊಂಡಿತು ಎಂಬುದಕ್ಕೆ ಆ ಭಾಷೆಯ ಚರಿತ್ರೆಯಲ್ಲಿ ಉತ್ತರವಿದೆ. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಎರಡು ಬೇರೆ ಪ್ರತ್ಯಯಗಳಿದ್ದವು. ಕ್ರಿಯೆಯಿಂದ ಹೆಸರು ಮಾಡಲು ‘ಉಂಗ್’ ಅಥವಾ ‘ಇಂಗ್’. ಕಲಿಕೆಗೆ ‘ಲಿಯೋರ್ನುಂಗ್’ ಎನ್ನುತ್ತಿದ್ದರು. ಹಾಡುತ್ತಿರುವ ಎಂಬಂಥ ಪಾರ್ಟಿಸಿಪಲ್ ಅರ್ಥಕ್ಕೆ ‘ಎಂಡೆ’. ‘ಸಿಂಗೆಂಡೆ’ ಎಂದರೆ ಹಾಡುತ್ತಿರುವ. ಮೊದಲನೆಯದು ಪೂರ್ತಿ ನಾಮಪದವಾಗಿತ್ತು, ನಮ್ಮ ‘ಓಟ’, ‘ನೋಟ’ಗಳ ಹಾಗೆ, ನೇರ ಕರ್ಮವನ್ನು ಪಡೆಯುವ ಶಕ್ತಿ ಅದಕ್ಕಿರಲಿಲ್ಲ. ಸುಮಾರು 12ನೆಯ ಶತಮಾನದ ನಂತರ ಇಂಗ್ಲೆಂಡಿನ ದಕ್ಷಿಣ ಮತ್ತು ಮಧ್ಯ ಭಾಗಗಳಲ್ಲಿ ‘ಎಂಡೆ’ ಬಗೆಯ ಪ್ರತ್ಯಯ ಕ್ರಮೇಣ ‘ಇಂಗ್’ ರೂಪದೊಳಗೆ ಕರಗಿತು. ಉತ್ತರದಲ್ಲೂ ಸ್ಕಾಟ್ಲೆಂಡಿನಲ್ಲೂ ಅದರ ‘ಆಂಡ್’ ರೂಪ ಇನ್ನೂ ಬಹುಕಾಲ ಉಳಿಯಿತು. ಹೀಗೆ ಎರಡು ವಂಶಗಳು ಒಂದೇ ಹೊರರೂಪಕ್ಕೆ ಬಂದು ಸೇರಿದ ಮೇಲೆ, 14ನೆಯ ಶತಮಾನದ ಹೊತ್ತಿಗೆ, ಹಳೆಯ ನಾಮಪದವು ಕ್ರಿಯಾಪದದ ಗುಣಗಳನ್ನು ಒಂದೊಂದಾಗಿ ಪಡೆಯತೊಡಗಿತು. ಕ್ರಿಯಾವಿಶೇಷಣ ಬಂತು, ನೇರ ಕರ್ಮ ಬಂತು, ಮುಂದಿನ ಶತಮಾನಗಳಲ್ಲಿ ‘ಹ್ಯಾವಿಂಗ್’, ‘ಬೀಯಿಂಗ್’ ಸೇರಿದ ಜೋಡಿರೂಪಗಳೂ ಬಂದವು. ಪಾರ್ಟಿಸಿಪಲ್ಲಿನ ಸಂಗದಿಂದ ಹೀಗಾಯಿತೋ, ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಪ್ರಬಲವಾಗಿದ್ದ ಫ್ರೆಂಚಿನ ಪ್ರಭಾವದಿಂದಲೋ ಎಂಬ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ಫಲವನ್ನು ಕುರಿತು ವಾದವಿಲ್ಲ. ಇಂದಿನ ಜೆರಂಡಿಗೆ ನಾಮಪದದ ಹೊರಮೈ ಬಂದದ್ದು ಅದರ ಮೂಲದಿಂದ, ಕ್ರಿಯಾಪದದ ಒಳಮೈ ಬೆಳೆದದ್ದು ಆಮೇಲೆ.

ಈ ಬೆಳವಣಿಗೆ ಅರ್ಧದಾರಿಯಲ್ಲಿದ್ದಾಗ ಬರೆದವರ ವಾಕ್ಯಗಳಲ್ಲಿ ‘ದ ರೀಡಿಂಗ್ ದ ಲೆಟರ್’ನಂಥ ಮಿಶ್ರರೂಪಗಳು ಧಾರಾಳವಾಗಿ ಸಿಗುತ್ತವೆ. 1762ರಲ್ಲಿ ವ್ಯಾಕರಣ ಪ್ರಕಟಿಸಿದ ರಾಬರ್ಟ್ ಲೌತ್ ಅವುಗಳನ್ನು ಒಪ್ಪಲಿಲ್ಲ. ಆರ್ಟಿಕಲ್ ಮತ್ತು ‘ಆಫ್’ ಎರಡೂ ಇರಲಿ, ಇಲ್ಲವೇ ಎರಡೂ ಬೇಡ ಎಂದು ವಿಧಿಸಿದರು. ಆ ವಿಧಿ ಇಂದಿನ ಬಳಕೆಯ ಜೊತೆ ಹೊಂದಿಕೆಯಾಗುತ್ತದೆ. ಇದಕ್ಕಿಂತ ದೊಡ್ಡ ಜಗಳ ನಡೆದದ್ದು ಜೆರಂಡಿನ ಕರ್ತೃವಿನ ಬಗ್ಗೆ. ‘ಐ ಡೋಂಟ್ ಮೈಂಡ್ ಹಿಸ್ ಕಮಿಂಗ್’ ಎನ್ನಬೇಕೆ, ‘ಹಿಮ್ ಕಮಿಂಗ್’ ಎನ್ನಬೇಕೆ? ಎಚ್. ಡಬ್ಲ್ಯು. ಫೌಲರ್ 1906ರಲ್ಲಿ ತಮ್ಮನೊಡನೆ ಬರೆದ ಪುಸ್ತಕದಲ್ಲೂ 1926ರ ತಮ್ಮ ಪ್ರಸಿದ್ಧ ಬಳಕೆಯ ಕೋಶದಲ್ಲೂ ‘ಹಿಮ್ ಕಮಿಂಗ್’ ಬಗೆಯನ್ನು ಕಟುವಾಗಿ ಖಂಡಿಸಿದರು. ಜೆರಂಡ್ ನಾಮಪದವಾದ್ದರಿಂದ ಅದರ ಮುಂದೆ ಷಷ್ಠಿಯೇ ಬರಬೇಕು, ಇಲ್ಲವಾದರೆ ವಾಕ್ಯವನ್ನು ಬಿಡಿಸಿ ವಿವರಿಸಲಾಗದು ಎಂಬುದು ಅವರ ತರ್ಕ. ಡೆನ್ಮಾರ್ಕಿನ ಭಾಷಾವಿಜ್ಞಾನಿ ಓಟೊ ಯೆಸ್ಪರ್ಸನ್ ಇದಕ್ಕೆ ಉತ್ತರ ಕೊಟ್ಟರು. ಒಳ್ಳೆಯ ಲೇಖಕರೇ ಶತಮಾನಗಳಿಂದ ಎರಡೂ ಬಗೆಯನ್ನು ಬಳಸುತ್ತ ಬಂದಿದ್ದಾರೆಂದು ಉದಾಹರಣೆಗಳ ಸಮೇತ ತೋರಿಸಿದರು. ಷಷ್ಠಿಯೇ ಇಲ್ಲದ ಪದಗಳ ಸಾಕ್ಷ್ಯ ಇಲ್ಲಿ ಎಲ್ಲಕ್ಕಿಂತ ಬಲವಾದದ್ದು. ‘ವಿ ವರ್ ವರೀಡ್ ಅಬೌಟ್ ದೇರ್ ಬೀಯಿಂಗ್ ನೋ ವಾಟರ್’ ಎಂಬ ವಾಕ್ಯದ ‘ದೇರ್’ಗೆ ಷಷ್ಠೀ ರೂಪ ಎಲ್ಲಿಂದ ತರುವುದು? ಫೌಲರ್ ಸೋತದ್ದು ಒಂದು ಊಹೆಯಿಂದ: ಜೆರಂಡ್ ಒಳಗೂ ಹೊರಗೂ ನಾಮಪದವೆಂದು ಅವರು ನಂಬಿದ್ದರು. ಒಳಗೆ ಅದು ಕ್ರಿಯಾಪದವೆಂದು ಒಪ್ಪಿದರೆ, ಕ್ರಿಯಾಪದಕ್ಕೊಬ್ಬ ಕರ್ತೃ ಷಷ್ಠಿಯಿಲ್ಲದೆ ಬಂದು ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ. ಕನ್ನಡದಲ್ಲೂ ‘ಅವನ ಬರುವಿಕೆ’ಗೆ ಷಷ್ಠಿ, ‘ಅವನು ಬರುವುದು’ ಎಂಬುದಕ್ಕೆ ಪ್ರಥಮೆ. ಇಂದಿನ ಬಳಕೆದಾರರಿಗೆ ಇಷ್ಟು ತಿಳಿದರೆ ಸಾಕು: ಔಪಚಾರಿಕ ಬರಹದಲ್ಲಿ, ಅದರಲ್ಲೂ ವಾಕ್ಯದ ಆರಂಭದಲ್ಲಿ, ‘ಹಿಸ್ ಕಮಿಂಗ್’ ಒಪ್ಪುತ್ತದೆ, ಮಾತಿನಲ್ಲಿ ‘ಹಿಮ್ ಕಮಿಂಗ್’ ತಪ್ಪಲ್ಲ.

ಇಲ್ಲಿ ಒಂದು ಗಂಭೀರ ಆಕ್ಷೇಪ ಎದುರಾಗುತ್ತದೆ. ಜೆರಂಡಿನ ಒಳಗಿರುವುದು ಕ್ರಿಯಾಪದವೇ ಆದರೆ, ಪಾರ್ಟಿಸಿಪಲ್ಲಿನ ಒಳಗಿರುವುದೂ ಅದೇ ರೂಪದ ಕ್ರಿಯಾಪದವೇ ಆದರೆ, ಎರಡಕ್ಕೆ ಎರಡು ಹೆಸರು ಏಕೆ? 2002ರಲ್ಲಿ ಬಂದ ಕೇಂಬ್ರಿಜ್ ವ್ಯಾಕರಣದ ಕರ್ತೃಗಳಾದ ರಾಡ್ನಿ ಹಡಲ್‌ಸ್ಟನ್ ಮತ್ತು ಜೆಫ್ರಿ ಪುಲಮ್ ಈ ಪ್ರಶ್ನೆಯನ್ನು ಕೊನೆಯವರೆಗೂ ಎಳೆದರು. ಇಂಗ್ಲಿಷಿನಲ್ಲಿ ಒಂದೇ ಒಂದು ಕ್ರಿಯಾಪದವೂ ಈ ಎರಡಕ್ಕೆ ಬೇರೆ ಬೇರೆ ರೂಪ ತಾಳುವುದಿಲ್ಲ, ಆದ್ದರಿಂದ ‘ಜೆರಂಡ್-ಪಾರ್ಟಿಸಿಪಲ್’ ಎಂಬ ಒಂದೇ ಹೆಸರು ಸಾಕು ಎಂದರು. ರೂಪದ ಮಟ್ಟಿಗೆ ಅವರ ಮಾತನ್ನು ಒಪ್ಪಲೇಬೇಕು. ‘ಇಂಗ್’ ರೂಪಕ್ಕೆ ಅಪವಾದವೇ ಇಲ್ಲ ಎನ್ನಬಹುದು. ಭೂತಕಾಲದಲ್ಲಿ ‘ವೆಂಟ್’, ‘ಬಾಟ್’ ಎಂದು ಹಟಮಾಡುವ ಕ್ರಿಯಾಪದಗಳೂ ಇಲ್ಲಿ ‘ಗೋಯಿಂಗ್’, ‘ಬೈಯಿಂಗ್’ ಎಂದು ಸರಳವಾಗಿ ಬರುತ್ತವೆ. ‘ಕ್ಯಾನ್’, ‘ಮಸ್ಟ್’ನಂಥ ಕೆಲವು ಸಹಾಯಕ ಕ್ರಿಯಾಪದಗಳಿಗೆ ಮಾತ್ರ ಈ ರೂಪವೇ ಇಲ್ಲ. ಆದರೆ ರೂಪ ಒಂದಾದ ಮಾತ್ರಕ್ಕೆ ಕೆಲಸ ಒಂದಾಗುವುದಿಲ್ಲ. ‘ಸ್ಲೀಪಿಂಗ್ ಚೈಲ್ಡ್’ ಎಂದರೆ ಮಲಗಿರುವ ಮಗು, ‘ಸ್ಲೀಪಿಂಗ್ ಬ್ಯಾಗ್’ ಎಂದರೆ ಮಲಗುವುದಕ್ಕೆಂದು ಮಾಡಿದ ಚೀಲ. ಎರಡನೆಯದರಲ್ಲಿ ಒತ್ತು ಮೊದಲ ಪದದ ಮೇಲೆ ಬೀಳುತ್ತದೆ, ಮೊದಲನೆಯದರಲ್ಲಿ ಹಾಗಲ್ಲ. ನಮ್ಮ ಊರುಗಳ ‘ವೇಟಿಂಗ್ ರೂಮ್’, ‘ಡ್ರೈವಿಂಗ್ ಲೈಸೆನ್ಸ್’ ಎರಡನೆಯ ಗುಂಪಿನವು. ಜೆರಂಡ್ ಎಂಬುದು ನಾಮಪದದ ಜಾಗಕ್ಕೆ ಬಂದ ‘ಇಂಗ್’ ಉಪವಾಕ್ಯ ಮಾಡುವ ಕೆಲಸದ ಹೆಸರು. ಹಾಗೆಂದು ತಿಳಿದು ಬಳಸಿದರೆ ಆ ಪದದಿಂದ ಲಾಭವೇ ಇದೆ. ಹೆಸರೇ ಬೇಡವೆಂದು ಕಲಿಯುವವರ ಕೈಯಿಂದ ಅದನ್ನು ಕಿತ್ತುಕೊಳ್ಳುವುದರಿಂದ ಏನೂ ಸಾಧಿಸಿದಂತಾಗದು.

ಬಳಕೆಯಲ್ಲಿ ನಿಜವಾದ ತೊಡಕು ಬೇರೆ ಕಡೆ ಇದೆ. ‘ಎಂಜಾಯ್’ ಆದ ಮೇಲೆ ‘ರೀಡಿಂಗ್’ ಬರಬೇಕು, ‘ವಾಂಟ್’ ಆದ ಮೇಲೆ ‘ಟು ರೀಡ್’ ಬರಬೇಕು. ಏಕೆ? ಉತ್ತರವನ್ನು ‘ಟು’ ಎಂಬ ಪುಟ್ಟ ಪದದಲ್ಲಿ ಹುಡುಕಬೇಕು. ಹಳೆಯ ಇಂಗ್ಲಿಷಿನಲ್ಲಿ ಮಾಡುವುದಕ್ಕೆ ಎನ್ನಲು ‘ಟೋ ಡೋನ್ನೆ’ ಎನ್ನುತ್ತಿದ್ದರು. ‘ಟೋ’ ಎಂದರೆ ಕಡೆಗೆ. ‘ಡೋನ್ನೆ’ ಎಂಬುದು ಮೂಲದಲ್ಲಿ ಕ್ರಿಯಾನಾಮವೊಂದರ ಚತುರ್ಥಿಯ ರೂಪ. ಅಂದರೆ ಇಂಗ್ಲಿಷಿನ ‘ಟು’ ಸೇರಿದ ಇನ್ಫಿನಿಟಿವ್ ಹುಟ್ಟಿದ್ದು ಆಡುಗನ್ನಡದ ‘ಮಾಡೋಕೆ’ ಹುಟ್ಟಿದ ಹಾಗೆಯೇ. ‘ಮಾಡುವುದಕ್ಕೆ’ ಎಂಬ ಚತುರ್ಥಿಯೇ ಸವೆದು ‘ಮಾಡೋಕೆ’ ಆಗಿ, ‘ಮಾಡಲು’ ಎಂಬ ಗ್ರಾಂಥಿಕ ರೂಪದ ಜಾಗವನ್ನು ಮಾತಿನಲ್ಲಿ ಹಿಡಿದಿದೆ. ‘ಊರಿಗೆ ಹೊರಟ’ ಎಂದಾಗ ಊರು ಇನ್ನೂ ಮುಂದಿರುವ ಹಾಗೆ, ‘ನೋಡೋಕೆ ಹೊರಟ’ ಎಂದಾಗ ನೋಡುವ ಕೆಲಸ ಮುಂದಿದೆ. ‘ಟು’ ತನ್ನ ಈ ದಿಕ್ಕಿನ ಅರ್ಥವನ್ನು ಪೂರ್ತಿ ಕಳೆದುಕೊಂಡಿಲ್ಲ. ಆದ್ದರಿಂದಲೇ ಬಯಸು, ನಿರ್ಧರಿಸು, ಯೋಜಿಸು, ಭರವಸೆ ಕೊಡು ಎಂಬ ಅರ್ಥದ ‘ವಾಂಟ್’, ‘ಡಿಸೈಡ್’, ‘ಪ್ಲಾನ್’, ‘ಪ್ರಾಮಿಸ್’ ಕ್ರಿಯಾಪದಗಳು ‘ಟು’ವನ್ನು ಬೇಡುತ್ತವೆ, ಇವೆಲ್ಲವೂ ಇನ್ನೂ ಆಗದ ಕೆಲಸದ ಕಡೆಗೆ ಮುಖ ಮಾಡಿವೆ. ‘ಇಂಗ್’ ರೂಪಕ್ಕೆ ಇಂಥ ದಿಕ್ಕಿಲ್ಲ. ಅದು ಕೆಲಸವನ್ನು ಒಂದು ವಸ್ತುವಿನಂತೆ ಎದುರಿಗಿಡುತ್ತದೆ. ಆ ವಸ್ತುವನ್ನು ಸವಿಯಬಹುದು, ಮುಗಿಸಬಹುದು, ಬಿಡಬಹುದು, ಒಪ್ಪಿಕೊಳ್ಳಬಹುದು. ‘ಎಂಜಾಯ್’, ‘ಫಿನಿಶ್’, ‘ಗಿವ್ ಅಪ್’, ‘ಅಡ್ಮಿಟ್’ ಜೆರಂಡನ್ನು ಬೇಡುವುದು ಇದಕ್ಕೇ.

ಒಂದೇ ಕ್ರಿಯಾಪದ ಎರಡನ್ನೂ ಒಪ್ಪುವ ಕಡೆ ಈ ಭೇದ ಎದ್ದು ಕಾಣುತ್ತದೆ. ಅಮೆರಿಕದ ಭಾಷಾವಿಜ್ಞಾನಿ ಡ್ವೈಟ್ ಬೋಲಿಂಜರ್ 1968ರಲ್ಲಿ ಇದನ್ನು ಸೂಕ್ಷ್ಮವಾಗಿ ಗುರುತಿಸಿದರು: ‘ಟು’ ಬಂದಲ್ಲಿ ಕೆಲಸ ಇನ್ನೂ ಊಹೆಯ ಮಟ್ಟದಲ್ಲಿರುತ್ತದೆ, ‘ಇಂಗ್’ ಬಂದಲ್ಲಿ ಅದಕ್ಕೆ ನಿಜದ ಮೈ ಬಂದಿರುತ್ತದೆ. ‘ಐ ರಿಮೆಂಬರ್ಡ್ ಟು ಲಾಕ್ ದ ಡೋರ್’ ಎಂದರೆ ಬೀಗ ಹಾಕಬೇಕೆಂಬುದು ನೆನಪಾಗಿ ಹಾಕಿದೆ. ‘ಐ ರಿಮೆಂಬರ್ ಲಾಕಿಂಗ್ ದ ಡೋರ್’ ಎಂದರೆ ಬೀಗ ಹಾಕಿದ್ದು ನೆನಪಿದೆ. ಮೊದಲನೆಯದರಲ್ಲಿ ನೆನಪು ಮುಂಚೆ, ಕೆಲಸ ಆಮೇಲೆ. ಎರಡನೆಯದರಲ್ಲಿ ಕೆಲಸ ಮುಂಚೆ. ಕನ್ನಡ ಇಲ್ಲಿ ‘ಹಾಕಬೇಕೆಂಬುದು’, ‘ಹಾಕಿದ್ದು’ ಎಂದು ಕ್ರಿಯಾರೂಪವನ್ನೇ ಬದಲಿಸಿ ಭೇದ ತೋರಿಸುತ್ತದೆ, ಇಂಗ್ಲಿಷ್ ಎರಡು ರಚನೆಗಳಿಂದ ತೋರಿಸುತ್ತದೆ. ‘ರಿಗ್ರೆಟ್ ಟೆಲ್ಲಿಂಗ್’ ಎಂಬುದು ಹೇಳಿಬಿಟ್ಟದ್ದಕ್ಕೆ ಪಶ್ಚಾತ್ತಾಪ. ‘ರಿಗ್ರೆಟ್ ಟು ಟೆಲ್’ ಎಂಬುದು ಈಗ ಹೇಳಲಿರುವ ಕೆಟ್ಟ ಸುದ್ದಿಗೆ ಪೀಠಿಕೆ. ‘ಸ್ಟಾಪ್ಡ್ ಟಾಕಿಂಗ್’ ಎಂದರೆ ಮಾತು ನಿಂತಿತು. ‘ಸ್ಟಾಪ್ಡ್ ಟು ಟಾಕ್’ ಎಂದರೆ ನಡೆಯುತ್ತಿದ್ದವನು ಮಾತನಾಡುವುದಕ್ಕೆಂದು ನಿಂತ. ‘ಟ್ರೈಡ್ ಟು ಓಪನ್ ದ ವಿಂಡೋ’ ಎಂದಾಗ ಕಿಟಕಿ ತೆರೆಯಿತೆಂಬ ಖಾತರಿಯಿಲ್ಲ; ‘ಟ್ರೈಡ್ ಓಪನಿಂಗ್ ದ ವಿಂಡೋ’ ಎಂದಾಗ ಸಾಮಾನ್ಯವಾಗಿ ಕಿಟಕಿ ತೆರೆದಿದೆ, ಸೆಕೆ ಕಡಿಮೆಯಾಯಿತೇ ಎಂಬುದಷ್ಟೇ ಪ್ರಶ್ನೆ.

ಹಾಗಿದ್ದರೆ ಎಲ್ಲವೂ ಅರ್ಥದಿಂದಲೇ ತೀರ್ಮಾನವಾಗುತ್ತದೆಯೇ? ಇಲ್ಲ, ಮತ್ತು ಹಾಗೆಂದು ಹೇಳಿ ವಿದ್ಯಾರ್ಥಿಗಳನ್ನು ನಂಬಿಸುವುದು ತಪ್ಪು. ‘ಮ್ಯಾನೇಜ್ಡ್ ಟು ಎಸ್ಕೇಪ್’ ಎಂದರೆ ಪಾರಾಗಿದ್ದಾಗಿದೆ, ಕೆಲಸ ನಿಜವಾಗಿಯೂ ನಡೆದಿದೆ, ಆದರೂ ‘ಟು’ ಬಂದಿದೆ. ‘ಅವಾಯ್ಡೆಡ್ ಮೀಟಿಂಗ್ ಹಿಮ್’ ಎಂದರೆ ಭೇಟಿ ನಡೆದೇ ಇಲ್ಲ, ಆದರೂ ‘ಇಂಗ್’ ಬಂದಿದೆ. ‘ಸಜೆಸ್ಟ್’ ಮಾಡುವುದು ಮುಂದಿನ ಕೆಲಸವನ್ನೇ, ಆದರೆ ಅದರ ಹಿಂದೆ ಬರುವುದು ‘ಗೋಯಿಂಗ್’. ಮೊದಲನೆಯದನ್ನು ವಿವರಿಸುವುದು ಸುಲಭ: ದಿಕ್ಕು ಎಂಬುದು ಗುರಿಯನ್ನು ಒಳಗೊಳ್ಳುತ್ತದೆ, ಗುರಿ ಮುಟ್ಟಿದರೂ ಅದು ಗುರಿಯೇ, ‘ಮ್ಯಾನೇಜ್’ ಎಂದರೆ ಹೆಣಗಿ ಗುರಿ ಮುಟ್ಟುವುದು. ‘ಅವಾಯ್ಡ್’ ವಿಷಯದಲ್ಲಿ ಚರಿತ್ರೆ ನೆರವಿಗೆ ಬರುತ್ತದೆ. ಜೆರಂಡ್ ಕ್ರಿಯಾಪದಗಳ ಕರ್ಮವಾಗಿ ಹರಡಿದ್ದು ಏಕಕಾಲಕ್ಕಲ್ಲ, ಒಂದು ಗುಂಪಿನಿಂದ ಇನ್ನೊಂದಕ್ಕೆ, ಶತಮಾನಗಳ ಅವಧಿಯಲ್ಲಿ ಎಂದು ಹೆಂಡ್ರಿಕ್ ಡೆ ಸ್ಮೆಟ್ ಮೊದಲಾದವರು ಹಳೆಯ ಪಠ್ಯಗಳ ಸಂಗ್ರಹಗಳನ್ನು ಶೋಧಿಸಿ ತೋರಿಸಿದ್ದಾರೆ. ತಪ್ಪಿಸಿಕೊಳ್ಳು, ದೂರವಿಡು ಎಂಬರ್ಥದ ಕ್ರಿಯಾಪದಗಳಿಗೆ ಅದು ಬೇಗ ಅಂಟಿಕೊಂಡಿತು. ಯಾವುದನ್ನು ತಪ್ಪಿಸಬೇಕೋ ಅದು ಒಂದು ವಸ್ತುವಾಗಿ ಎದುರಿಗಿದೆ, ಅದರ ಕಡೆಗೆ ಚಲನೆ ಇಲ್ಲ. ‘ಸಜೆಸ್ಟ್’ಗೆ ಇಷ್ಟು ತೃಪ್ತಿಕರ ವಿವರಣೆ ಸಿಗುವುದಿಲ್ಲ. ‘ಸಜೆಸ್ಟ್ ಎ ವಾಕ್’ ಎಂದು ಅದು ನಾಮಪದವನ್ನು ಕರ್ಮವಾಗಿ ಪಡೆಯುತ್ತದೆ, ಆದ್ದರಿಂದ ‘ಗೋಯಿಂಗ್’ ಅನ್ನೂ ಪಡೆಯುತ್ತದೆ ಎಂದಷ್ಟೇ ಹೇಳಬಹುದು. ಆದರೆ ‘ವಾಂಟ್ ಎ ವಾಕ್’ ಎಂದೂ ಹೇಳುತ್ತಾರಲ್ಲ ಎಂದು ಕೇಳಿದರೆ ಆ ಉತ್ತರ ನಿಲ್ಲುವುದಿಲ್ಲ. ಅರ್ಥ ಒಲವನ್ನು ನಿರ್ಧರಿಸುತ್ತದೆ, ಕೊನೆಯ ತೀರ್ಪನ್ನು ಎಷ್ಟೋ ಸಲ ರೂಢಿ ಕೊಡುತ್ತದೆ. ಪಟ್ಟಿ ಇಲ್ಲವಾಗುವುದಿಲ್ಲ, ಚಿಕ್ಕದಾಗುತ್ತದೆ.

ಪಟ್ಟಿಯೇ ಬೇಡವಾದ ಒಂದು ಜಾಗವಿದೆ. ಪ್ರಿಪೊಸಿಷನ್ನಿನ ಹಿಂದೆ ಕ್ರಿಯೆ ಬರಬೇಕಾದರೆ ಅದು ‘ಇಂಗ್’ ರೂಪದಲ್ಲೇ ಬರಬೇಕು: ‘ಆಫ್ಟರ್ ಈಟಿಂಗ್’, ‘ವಿದೌಟ್ ಆಸ್ಕಿಂಗ್’, ‘ಗುಡ್ ಅಟ್ ಕುಕಿಂಗ್’. ಪ್ರಿಪೊಸಿಷನ್ ನಾಮಪದದ ಜಾಗವನ್ನು ತೆರೆದಿಡುತ್ತದೆ, ಅಲ್ಲಿಗೆ ನಾಮಪದದ ಹೊರಮೈಯುಳ್ಳದ್ದೇ ಸೇರಬೇಕು. ಗೊಂದಲ ಉಂಟಾಗುವುದು ‘ಟು’ ತಾನೇ ಪ್ರಿಪೊಸಿಷನ್ ಆಗಿರುವಾಗ. ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಎಂಬ ವಾಕ್ಯ ನಮ್ಮ ಪತ್ರಗಳಲ್ಲೂ ಮಿಂಚಂಚೆಗಳಲ್ಲೂ ಎಷ್ಟು ಸಲ ಕಾಣುತ್ತದೆಂದರೆ ಅದೇ ಸರಿಯೇನೋ ಅನಿಸುವಷ್ಟು. ಶಿಷ್ಟ ಇಂಗ್ಲಿಷ್ ಕೇಳುವುದು ‘ಟು ಮೀಟಿಂಗ್ ಯು’ ಎಂಬುದನ್ನು. ಈ ತಪ್ಪು ಬರುವುದು ಅಜಾಗರೂಕತೆಯಿಂದಷ್ಟೇ ಅಲ್ಲ. ‘ನಿಮ್ಮನ್ನು ನೋಡೋಕೆ ಕಾಯ್ತಾ ಇದ್ದೀನಿ’ ಎನ್ನುವ ಕನ್ನಡಿಗನಿಗೆ ಚತುರ್ಥಿ ಹತ್ತಿದ ಭಾವನಾಮವೂ ಇನ್ಫಿನಿಟಿವ್ವೂ ಒಂದೇ ರೂಪ. ಇಂಗ್ಲಿಷ್ ಇವೆರಡನ್ನು ಬೇರೆ ಮಾಡಿಕೊಂಡಿದೆ ಎಂಬುದು ಹೊರನೋಟಕ್ಕೆ ತಿಳಿಯುವುದಿಲ್ಲ. ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಕ್ರಿಯೆಯ ಜಾಗದಲ್ಲಿ ಸಾದಾ ನಾಮಪದವೊಂದನ್ನು ಇಟ್ಟು ನೋಡಬೇಕು. ‘ಲುಕಿಂಗ್ ಫಾರ್ವರ್ಡ್ ಟು ದ ಹಾಲಿಡೇಸ್’ ಸರಿಯಾಗಿ ಕೂರುತ್ತದೆ. ಹಾಗಾಗಿ ಈ ‘ಟು’ ಪ್ರಿಪೊಸಿಷನ್, ಅದಕ್ಕೆ ‘ಮೀಟಿಂಗ್’ ಬೇಕು. ‘ವಾಂಟ್ ಟು ದ ಹಾಲಿಡೇಸ್’ ಕೂರುವುದಿಲ್ಲ. ಆ ‘ಟು’ ಇನ್ಫಿನಿಟಿವಿನದು, ಅದಕ್ಕೆ ‘ಮೀಟ್’ ಸಾಕು. ‘ಐ ಆಮ್ ಯೂಸ್ಡ್ ಟು ದ ಹೀಟ್’ ಎನ್ನಬಹುದಾದ್ದರಿಂದ ‘ಯೂಸ್ಡ್ ಟು ಕುಕಿಂಗ್’ ಎಂದರೆ ಅಡುಗೆ ಮಾಡಿ ರೂಢಿಯಿದೆ. ‘ಐ ಯೂಸ್ಡ್ ಟು ಕುಕ್’ ಎಂದರೆ ಹಿಂದೆ ಅಡುಗೆ ಮಾಡುತ್ತಿದ್ದೆ. ‘ಆಬ್ಜೆಕ್ಟ್ ಟು’, ‘ಕಮಿಟೆಡ್ ಟು’, ‘ಅಕಸ್ಟಮ್ಡ್ ಟು’ ಎಲ್ಲಕ್ಕೂ ಇದೇ ಪರೀಕ್ಷೆ ಸಾಕು.

ಇಷ್ಟೆಲ್ಲ ವಿಶ್ಲೇಷಣೆ ಬೇಕೇ, ಇಂಗ್ಲಿಷ್ ಮನೆಮಾತಾದವರು ಇದೊಂದೂ ತಿಳಿಯದೆ ಸರಿಯಾಗಿ ಮಾತನಾಡುವುದಿಲ್ಲವೇ ಎಂದು ಕೇಳಬಹುದು. ಮಾತನಾಡುತ್ತಾರೆ, ನಿಜ. 1958ರಲ್ಲಿ ಜೀನ್ ಬರ್ಕೋ ಪುಟ್ಟ ಮಕ್ಕಳಿಗೆ ‘ಜಿಬ್’ ಎಂಬ, ಇಂಗ್ಲಿಷಿನಲ್ಲೇ ಇಲ್ಲದ ಕ್ರಿಯಾಪದವನ್ನು ಕೊಟ್ಟು, ಚಿತ್ರದಲ್ಲಿರುವವನು ಏನು ಮಾಡುತ್ತಿದ್ದಾನೆಂದು ಕೇಳಿದಾಗ ಹೆಚ್ಚಿನ ಮಕ್ಕಳು ‘ಜಿಬಿಂಗ್’ ಎಂದರು. ಕಂಠಪಾಠ ಮಾಡಿದ ಪದವಲ್ಲ ಅದು, ಒಳಗೆ ಕಟ್ಟಿಕೊಂಡ ನಿಯಮ. ಮೂವರು ಮಕ್ಕಳ ಮಾತನ್ನು ದೀರ್ಘಕಾಲ ದಾಖಲಿಸಿದ ರೋಜರ್ ಬ್ರೌನ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರು ಪರಿಶೀಲಿಸಿದ 14 ವ್ಯಾಕರಣಾಂಶಗಳ ಪೈಕಿ ಎಲ್ಲಕ್ಕಿಂತ ಮೊದಲು ಕೈಗೂಡಿದ್ದು ನಡೆಯುತ್ತಿರುವ ಕ್ರಿಯೆಯ ‘ಇಂಗ್’. ಆದರೆ ಆ ಮಕ್ಕಳಿಗೆ ಎದ್ದಾಗಿನಿಂದ ಮಲಗುವವರೆಗೆ ಇಂಗ್ಲಿಷ್ ಕಿವಿಗೆ ಬೀಳುತ್ತಿತ್ತು. ಕರ್ನಾಟಕದ ಹಳ್ಳಿಯ ಶಾಲೆಯಲ್ಲಿ ದಿನಕ್ಕೊಂದು ಪೀರಿಯಡ್ ಇಂಗ್ಲಿಷ್ ಕೇಳುವ ಹುಡುಗಿಗೆ ಆ ಸಮೃದ್ಧಿ ಇಲ್ಲ. ಕೇಳಿಕೇಳಿ ಬರಬೇಕಾದದ್ದನ್ನು ಅವಳು ತಿಳಿದು ಪಡೆಯಬೇಕು. ಅವಳ ಕೈಗೆ ಅರವತ್ತು ಕ್ರಿಯಾಪದಗಳ ಪಟ್ಟಿ ಕೊಡುವ ಬದಲು, ಕೆಲಸ ಇನ್ನೂ ಮುಂದಿದೆಯೇ, ಜಾಗ ನಾಮಪದದ್ದೇ ಎಂಬ ಎರಡು ಪರೀಕ್ಷೆಗಳನ್ನೂ ಅವುಗಳ ಹಿಂದಿನ ಕಾರಣವನ್ನೂ ಕೊಡುವುದು ಅವಳ ಬುದ್ಧಿಗೆ ಸಲ್ಲಿಸುವ ಗೌರವ.

ಜೆರಂಡ್ ನಾಮಪದಕ್ಕೂ ಕ್ರಿಯಾಪದಕ್ಕೂ ನಡುವೆ ನಿಂತಿದೆ ಎಂಬುದು ವ್ಯಾಕರಣಕಾರರ ಮೇಜಿನ ಮೇಲಿನ ಲೆಕ್ಕಾಚಾರವಷ್ಟೇ ಎಂದು ಸಂಶಯಪಡುವವರಿಗೆ ಉಚ್ಚಾರಣೆಯ ಅಧ್ಯಯನವೊಂದು ಉತ್ತರ ಕೊಡುತ್ತದೆ. ಇಂಗ್ಲಿಷ್ ಮಾತನಾಡುವವರು ಈ ಪ್ರತ್ಯಯವನ್ನು ಕೆಲವೊಮ್ಮೆ ‘ಇಂಗ್’ ಎಂದೂ ಕೆಲವೊಮ್ಮೆ ‘ಇನ್’ ಎಂದೂ ನುಡಿಯುತ್ತಾರೆ, ‘ವಾಕಿಂಗ್’, ‘ವಾಕಿನ್’. ‘ಇನ್’ ಎಂಬುದು ಸೋಮಾರಿ ಉಚ್ಚಾರಣೆ, ಕಡಿಮೆ ಓದಿದವರ ಲಕ್ಷಣ ಎಂಬ ಭಾವನೆ ಬಹಳ ಹಳೆಯದು, ಮತ್ತು ಸಂದರ್ಭ ಎಷ್ಟು ಔಪಚಾರಿಕ ಎಂಬುದರ ಮೇಲೆ ‘ಇನ್’ ಬಳಕೆ ಏರಿಳಿಯುತ್ತದೆಂಬುದೂ ಸತ್ಯ. ಆದರೆ 1985ರಲ್ಲಿ ಆ್ಯನ್ ಹ್ಯೂಸ್ಟನ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾಡಿದ ಸಂಶೋಧನೆ ಇನ್ನೊಂದು ಅಂಶವನ್ನು ಬಯಲಿಗೆ ತಂದಿತು. ಪ್ರತ್ಯಯ ಕ್ರಿಯಾಪದದ ಕೆಲಸ ಮಾಡುವಾಗ, ‘ಹಿ ಈಸ್ ವಾಕಿಂಗ್’ ಎಂಬಲ್ಲಿ, ‘ಇನ್’ ಹೆಚ್ಚು; ಅಪ್ಪಟ ನಾಮಪದವಾಗಿ, ‘ಬಿಲ್ಡಿಂಗ್’ನಂಥ ಪದಗಳಲ್ಲಿ, ‘ಇಂಗ್’ ಹೆಚ್ಚು; ಜೆರಂಡ್ ಇವೆರಡರ ನಡುವೆ. ಹಳೆಯ ಇಂಗ್ಲಿಷಿನ ‘ಎಂಡೆ’ ಪ್ರತ್ಯಯದ ‘ನ’ಕಾರವೇ ಇಂದಿನ ‘ಇನ್’ ಆಗಿ ಉಳಿದುಬಂದಿದೆ, ಬರವಣಿಗೆಯಲ್ಲಿ ಒಂದಾದ ಎರಡು ಪ್ರತ್ಯಯಗಳು ಮಾತಿನಲ್ಲಿ ಪೂರ್ತಿ ಒಂದಾಗಲೇ ಇಲ್ಲ ಎಂಬುದು ಅವರ ವಿವರಣೆ. ಸಮಾಜಭಾಷಾವಿಜ್ಞಾನಿ ವಿಲಿಯಂ ಲೆಬೋವ್ 1989ರ ಲೇಖನವೊಂದರಲ್ಲಿ ಇದನ್ನು ಮುಂದುವರಿಸಿ, ಫಿಲಡೆಲ್ಫಿಯಾ ಪ್ರದೇಶದ ಪುಟ್ಟ ಮಕ್ಕಳ ಮಾತಿನಲ್ಲೂ ಈ ಹಂಚಿಕೆ ಕಾಣುತ್ತದೆಂದು ತೋರಿಸಿದರು. ಹೀಗೆ ನುಡಿಯಬೇಕೆಂದು ಆ ಮಕ್ಕಳಿಗೆ ಯಾರೂ ಕಲಿಸಿರಲಿಲ್ಲ. ಹೆತ್ತವರಿಗೂ ತಾವು ಹಾಗೆ ನುಡಿಯುತ್ತಿದ್ದೇವೆಂಬ ಅರಿವಿರಲಿಲ್ಲ.